ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್: ಎರಡು ಟೇಪ್ ಒಂದು ಹಾಡಾದದ್ದು ಹೇಗೆ?

ಇದು ಬ್ರಿಟನ್‌ನ ರಾಕ್ ಬ್ಯಾಂಡ್ ಬೀಟಲ್ಸ್‌ನ ಹಾಡು. ಬ್ಯಾಂಡ್‌ನ ಜಾನ್ ಲೆನನ್ ಇದನ್ನು ಬರೆಯಲು ಶುರು ಮಾಡಿದ್ದು 1966ರಲ್ಲಿ, ಸಿನಿಮಾ ಶೂಟಿಂಗ್‌ಗೆ ಸ್ಪೇನ್‌ಗೆ ಹೋಗಿದ್ದಾಗ. ಸ್ಟ್ರಾಬೆರಿ ಫೀಲ್ಡ್ ಅಂದರೆ ಲಿವರ್‌ಪೂಲ್‌ನಲ್ಲಿ ಅವರ ಮನೆ ಹತ್ತಿರ ಇದ್ದ ಅನಾಥಾಲಯ. ಅದರ ತೋಟದಲ್ಲಿ ಚಿಕ್ಕಂದಿನಲ್ಲಿ ಆಡುತ್ತಿದ್ದರು.

ರೆಕಾರ್ಡಿಂಗ್ ಆ ವರ್ಷದ ನವೆಂಬರ್, ಡಿಸೆಂಬರ್‌ನಲ್ಲಿ, ಲಂಡನ್‌ನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ. ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿ ರೆಕಾರ್ಡ್ ಮಾಡಿದರು, ಒಂದೊಂದು ಸಲಕ್ಕೂ ಟೇಕ್ ಅನ್ನುತ್ತಾರೆ. 7ನೇ ಟೇಕ್ ನಿಧಾನ, ಮೆದು. ಶುರುವಿನಲ್ಲಿ ಕೊಳಲಿನಂತೆ ಕೇಳುವುದು ಮೆಲೊಟ್ರಾನ್, ಅಂದರೆ ಟೇಪಿನಲ್ಲಿ ರೆಕಾರ್ಡ್ ಮಾಡಿಟ್ಟ ನಾದ ನುಡಿಸುವ ಕೀಬೋರ್ಡ್. 26ನೇ ಟೇಕ್‌ನಲ್ಲಿ ಟ್ರಂಪೆಟ್, ಚೆಲೊ, ಜೋರು ಡ್ರಮ್ಸ್. ಲೆನನ್‌ಗೆ 7ನೆಯದರ ಆರಂಭವೂ ಬೇಕು, 26ನೆಯದರ ಕೊನೆಯೂ ಬೇಕು. ಆದರೆ ಎರಡರ ಶ್ರುತಿಯೂ ಬೇರೆ, ವೇಗವೂ ಬೇರೆ.

ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲೇ. ಶ್ರುತಿ ಸರಿ ಮಾಡಿದರೆ ವೇಗ ಹೇಗೆ ಸರಿಹೋಯಿತು? ಹಳೇ ಟೇಪ್ ರೆಕಾರ್ಡರ್‌ನ ಸೆಲ್ ವೀಕ್ ಆದಾಗ ಏನಾಗುತ್ತಿತ್ತು ನೆನಪಿಸಿಕೊಳ್ಳಿ: ಹಾಡು ಎಳೆಯುತ್ತದೆ, ಜೊತೆಗೇ ದನಿಯೂ ದಪ್ಪ ಆಗುತ್ತದೆ, ಅಲ್ವಾ? ಟೇಪಿನಲ್ಲಿ ಇವೆರಡನ್ನು ಬಿಡಿಸಲು ಆಗುವುದಿಲ್ಲ. ವೇಗ ಸುಮಾರು 6% ಇಳಿಸಿದರೆ ಶ್ರುತಿ ಒಂದು ಸ್ವರಸ್ಥಾನ ಇಳಿಯುತ್ತದೆ, ನಿಮಿಷಕ್ಕೆ 100 ಪೆಟ್ಟು ಇದ್ದದ್ದು 94 ಆಗುತ್ತದೆ. ಈಗ ನೋಡಿ. 26ನೇ ಟೇಕ್‌ನ ಶ್ರುತಿ ಮೇಲಿತ್ತು, ವೇಗವೂ ಜಾಸ್ತಿ ಇತ್ತು. ನಿಧಾನ ಮಾಡಿದರೆ ಎರಡೂ ಒಟ್ಟಿಗೇ ಇಳಿಯುತ್ತವೆ. ಅದೇ ಶ್ರುತಿ ಮೇಲಿದ್ದು ವೇಗ ಕಮ್ಮಿ ಇದ್ದಿದ್ದರೆ, ಶ್ರುತಿ ಇಳಿಸಲು ಹೋದಾಗ ತಾಳ ಇನ್ನೂ ಹಿಂದೆ ಬೀಳುತ್ತಿತ್ತು. ಕಾಗದದ ಮೇಲೆ ಎರಡು ಬಾಣ ಬರೆದುಕೊಳ್ಳಿ, ಒಂದು ಶ್ರುತಿಗೆ, ಒಂದು ವೇಗಕ್ಕೆ. ಎರಡೂ ಒಂದೇ ದಿಕ್ಕಿಗಿದ್ದರೆ ಮಾತ್ರ ಈ ಕೆಲಸ ಆಗುತ್ತದೆ.

ನಿರ್ಮಾಪಕ ಜಾರ್ಜ್ ಮಾರ್ಟಿನ್, ಎಂಜಿನಿಯರ್ ಜೆಫ್ ಎಮೆರಿಕ್ ಸೇರಿ 7ನೇ ಟೇಕನ್ನು ಸ್ವಲ್ಪ ಏರಿಸಿ, 26ನೆಯದನ್ನು ಇಳಿಸಿ, ಟೇಪ್ ಕತ್ತರಿಸಿ ಅಂಟಿಸಿದರು. ಹೆಡ್‌ಫೋನ್ ಹಾಕಿಕೊಂಡು 1 ನಿಮಿಷದ ಆಸುಪಾಸು ಕಿವಿಗೊಡಿ, ಲೆನನ್ ದನಿ ಭಾರವಾಗುತ್ತದೆ. ಆಮೇಲೆ ಝಲ್ಲೆಂದು ಜಾರಿ ಬರುವ ತಂತಿ ನಾದ ನಮ್ಮ ಸ್ವರಮಂಡಲ, ನುಡಿಸಿದ್ದು ಬ್ಯಾಂಡ್‌ನ ಜಾರ್ಜ್ ಹ್ಯಾರಿಸನ್.

1967ರ ಫೆಬ್ರವರಿಯಲ್ಲಿ ಬ್ಯಾಂಡ್‌ನ ಇನ್ನೊಂದು ಹಾಡು 'ಪೆನ್ನಿ ಲೇನ್' ಜೊತೆ ಸಿಂಗಲ್ ಆಗಿ, ಅಂದರೆ ಎರಡೇ ಹಾಡಿನ ಚಿಕ್ಕ ರೆಕಾರ್ಡ್ ಆಗಿ ಬಿಡುಗಡೆ; ಎರಡೂ ಎ-ಸೈಡ್, ಅಂದರೆ ಎರಡೂ ಮುಖ್ಯ ಹಾಡುಗಳೇ. ಬ್ರಿಟನ್‌ನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇ ನಿಂತಿತು, ಮೇಲೆ ಎಂಗೆಲ್ಬರ್ಟ್ ಹಂಪರ್‌ಡಿಂಕ್ ಹಾಡಿದ 'ರಿಲೀಸ್ ಮಿ' ಇತ್ತು. ಅಮೆರಿಕದಲ್ಲಿ 8ನೇ ಸ್ಥಾನ. ಸಿಂಗಲ್ ಆಗಿ ಬಂತು ಅಂತ 'ಸಾರ್ಜೆಂಟ್ ಪೆಪರ್' ಆಲ್ಬಮ್‌ಗೆ ಸೇರಿಸಲಿಲ್ಲ. ಅದು ದೊಡ್ಡ ತಪ್ಪು ಅಂತ ಮಾರ್ಟಿನ್ ಆಮೇಲೆ ಒಪ್ಪಿಕೊಂಡರು, ನನಗೂ ಹಾಗೇ ಅನಿಸುತ್ತದೆ.

ಆ ಆಲ್ಬಮ್‌ನ 2017ರ ಮರುಬಿಡುಗಡೆಯಲ್ಲಿ ಎರಡೂ ಟೇಕ್ ಬೇರೆ ಬೇರೆಯಾಗಿ ಇವೆ. ಮೊದಲು 26 ಕೇಳಿ, ತಕ್ಷಣ ಹಾಡು ಹಾಕಿ. ಅದೇ ಟ್ರಂಪೆಟ್ ಎಷ್ಟು ಕೆಳಗಿಳಿದಿದೆ ಅಂತ ಗೊತ್ತಾಗುತ್ತದೆ.