ಕರೆಂಟು ವಾಪಸ್ ಹೋಗುವ ದಾರಿ: ಲೈನ್ ಕೆಲಸ ಕಲಿಯುವವರಿಗೆ ನನ್ನ ನೋಟ್ಸ್

ಪವರ್‌ಮ್ಯಾನ್ ಕೆಲಸಕ್ಕೆ ಅರ್ಜಿ ಹಾಕಿದ ನಮ್ಮ ಕಡೆಯ ಹುಡುಗರು ಮೊದಲು ಶುರು ಮಾಡುವುದು ಕಂಬ ಹತ್ತುವ ಅಭ್ಯಾಸ. 8 ಮೀಟರ್ ಹತ್ತಿದರೆ ತಾನೇ ಮುಂದಿನ ಮಾತು, ಹಾಗಾಗಿ ತಪ್ಪೇನಲ್ಲ. ಆದರೆ ಹತ್ತಿದ ಮೇಲೆ ಕೈಗೆ ಸಿಗುವ ತಂತಿಯ ಬಗ್ಗೆ ಓದುವವರು ಕಡಿಮೆ. ನಾನು ಹಾಸನದಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಓದುತ್ತಿದ್ದೇನೆ. ರಜೆ ಬಂದರೆ ಹಾನುಬಾಳು ಕಡೆ ಲೈನ್ ಕೆಲಸ ಮಾಡುವ ಚಿಕ್ಕಪ್ಪನ ಹಿಂದೆ ಸುತ್ತುತ್ತೇನೆ. ಕ್ಲಾಸಿನಲ್ಲಿ ಕೇಳಿದ್ದು, ಕಂಬದ ಬುಡದಲ್ಲಿ ನಿಂತು ನೋಡಿದ್ದು ಎರಡನ್ನೂ ಸೇರಿಸಿ ಬರೆದಿದ್ದೇನೆ. ಕರೆಂಟ್ ಕಂಪನಿ ಸಕಲೇಶಪುರದ ಕಡೆ ಸೆಸ್ಕ್, ಮೂಡಿಗೆರೆಗೆ ಹೋದರೆ ಮೆಸ್ಕಾಂ. ಗಡಿ ನಮಗೆ, ಕರೆಂಟಿಗಲ್ಲ.

ನೀರಿನ ಹೋಲಿಕೆ ಎಲ್ಲಿ ಕೈ ಕೊಡುತ್ತದೆ

ವೋಲ್ಟೇಜ್ ಅಂದರೆ ಟ್ಯಾಂಕಿನ ಎತ್ತರ, ಕರೆಂಟ್ ಅಂದರೆ ಪೈಪಿನಲ್ಲಿ ಹರಿಯುವ ನೀರು, ರೆಸಿಸ್ಟೆನ್ಸ್ ಅಂದರೆ ಪೈಪಿನ ಸಣ್ಣತನ. ಎಲ್ಲ ಮೇಷ್ಟ್ರೂ ಹೀಗೇ ಶುರು ಮಾಡುತ್ತಾರೆ. ಕರೆಂಟ್ = ವೋಲ್ಟೇಜ್ ÷ ರೆಸಿಸ್ಟೆನ್ಸ್ ಎಂಬ ಓಮ್ ನಿಯಮ ತಲೆಗೆ ಹೋಗುವವರೆಗೆ ಈ ಹೋಲಿಕೆ ಸಾಕು. ಆಮೇಲೆ ಬಿಟ್ಟುಬಿಡಿ, ನನಗಂತೂ ಇದು ಒಂದು ವಾರ ದಾರಿ ತಪ್ಪಿಸಿತು. ಪೈಪ್ ಒಡೆದರೆ ನೀರು ಸುಮ್ಮನೆ ನೆಲಕ್ಕೆ ಸುರಿಯುತ್ತದೆ. ತಂತಿ ತುಂಡಾದರೆ ಕರೆಂಟ್ ಹಾಗೆ ಸುರಿಯುವುದಿಲ್ಲ. ಹೊರಟ ಜಾಗಕ್ಕೆ ವಾಪಸ್ ಹೋಗಲು ದಾರಿ ಸಿಕ್ಕರೆ ಮಾತ್ರ ಅದು ಹರಿಯುತ್ತದೆ.

11 ಕೆವಿ (11000 ವೋಲ್ಟ್) ತಂತಿಯ ಮೇಲೆ ಕೂತ ಮೈನಾ ಹಕ್ಕಿಗೆ ಏನೂ ಆಗದಿರುವುದು ಇದಕ್ಕೇ. ಎರಡೂ ಕಾಲು ಒಂದೇ ತಂತಿಯ ಮೇಲಿವೆ, ವಾಪಸ್ ದಾರಿ ಇಲ್ಲ. ಹಾಗಾದರೆ ನೆಲದ ಮೇಲೆ ನಿಂತವನು ಒಂದೇ ತಂತಿ ಮುಟ್ಟಿದರೆ ಶಾಕ್ ಹೊಡೆಯುವುದು ಯಾಕೆ? ಈ ಪ್ರಶ್ನೆಗೆ ನಮ್ಮ ಬ್ಯಾಚಿನಲ್ಲಿ ಅರ್ಧ ಜನ ‘ಭೂಮಿ ಕರೆಂಟನ್ನು ಎಳೆದುಕೊಳ್ಳುತ್ತೆ’ ಎಂದು ಬರೆದರು. ಭೂಮಿ ಏನನ್ನೂ ಎಳೆದುಕೊಳ್ಳುವುದಿಲ್ಲ. ಟಿಸಿಯ (ಟ್ರಾನ್ಸ್‌ಫಾರ್ಮರಿನ) ನ್ಯೂಟ್ರಲ್ಲನ್ನು, ಅಂದರೆ ಕರೆಂಟ್ ವಾಪಸ್ ಬರುವ ತಂತಿಯನ್ನು, ನಾವೇ ಅರ್ಥ್ ಮಾಡಿ ನೆಲದಲ್ಲಿ ಹೂತಿದ್ದೇವೆ. ಹಾಗಾಗಿ ಫೇಸ್ (ಕರೆಂಟ್ ತರುವ ತಂತಿ) ಮುಟ್ಟಿದವನ ಕೈಯಿಂದ ಮೈ, ಮೈಯಿಂದ ಕಾಲು, ಕಾಲಿನಿಂದ ಮಣ್ಣು, ಮಣ್ಣಿನಿಂದ ಟಿಸಿಯ ಅರ್ಥ್ ಪೈಪ್, ಅಲ್ಲಿಂದ ನ್ಯೂಟ್ರಲ್: ಸುತ್ತು ಪೂರ್ತಿಯಾಯಿತು. ಸಬ್‌ಸ್ಟೇಷನ್ನಿನ 11 ಕೆವಿ ಕಡೆಯೂ ಇದೇ ಕಥೆ.

ಒದ್ದೆ ಮೈಯ ರೆಸಿಸ್ಟೆನ್ಸ್ ಸುಮಾರು 1000 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟಿಗೆ 230 ಮಿಲಿಆಂಪ್ ಹರಿಯುತ್ತದೆ. 1 ಮಿಲಿಆಂಪಿಗೆ ಜುಂ ಅನ್ನುತ್ತದೆ. 10 ದಾಟಿದರೆ ಕೈಯ ಸ್ನಾಯು ಬಿಗಿದು ಹಿಡಿದ ತಂತಿ ಬಿಡಲಾಗುವುದಿಲ್ಲ. 50ರಿಂದ 100ರ ಆಚೆ ಹೃದಯದ ಬಡಿತವೇ ದಾರಿ ತಪ್ಪಬಹುದು. ನಿಯಾನ್ ಟೆಸ್ಟರ್ ಹಿಡಿದಾಗ ನಮಗೆ ಏನೂ ಆಗದಿರುವುದು ಅದರೊಳಗಿನ ಸುಮಾರು 10 ಲಕ್ಷ ಓಮ್ ರೆಸಿಸ್ಟರಿನ ಪುಣ್ಯ: ಕಾಲು ಮಿಲಿಆಂಪೂ ಹರಿಯದು. ಆ ಟೆಸ್ಟರ್ ಎಲ್‌ಟಿಗೆ (ಮನೆಗೆ ಬರುವ ಕಡಿಮೆ ವೋಲ್ಟೇಜಿಗೆ) ಮಾತ್ರ. ಎಚ್‌ಟಿ (11 ಕೆವಿಯಂಥ ಹೆಚ್ಚು ವೋಲ್ಟೇಜ್) ಹತ್ತಿರ ಅದನ್ನು ಜೇಬಿನಿಂದ ತೆಗೆಯಲೂಬೇಡಿ.

ತಂತಿ ಬಿದ್ದರೂ ಟ್ರಿಪ್ ಆಗದಿರುವುದು ಯಾಕೆ

‘ತಂತಿ ನೆಲಕ್ಕೆ ಬಿದ್ದಿದೆ, ಕರೆಂಟ್ ಹೋಗಿರುತ್ತೆ’ ಎಂದು ಜನ ನಂಬುತ್ತಾರೆ. ಲೆಕ್ಕ ಹಾಕಿ. 11 ಕೆವಿಯಲ್ಲಿ ಫೇಸಿಗೂ ನೆಲಕ್ಕೂ ನಡುವೆ 11000 ÷ 1.732 (3ರ ವರ್ಗಮೂಲ), ಅಂದರೆ 6350 ವೋಲ್ಟ್. ಅರಸೀಕೆರೆ ಕಡೆಯ ಬೇಸಿಗೆಯ ಒಣನೆಲದಲ್ಲಿ ಬಿದ್ದ ತಂತಿಗೂ ಮಣ್ಣಿಗೂ ನಡುವೆ 500 ಓಮ್ ಇದೆ ಎನ್ನೋಣ. ಹರಿಯುವುದು ಸುಮಾರು 13 ಆಂಪ್. ತಪ್ಪು ಕಂಡರೆ ಲೈನನ್ನು ಟ್ರಿಪ್ ಮಾಡಿಸುವ ಫೀಡರ್ ರಿಲೇಯನ್ನು 20 ಆಂಪಿಗೋ 40 ಆಂಪಿಗೋ ಇಟ್ಟಿದ್ದರೆ ಅದಕ್ಕೆ ಈ 13 ಆಂಪ್ ಕಾಣುವುದೇ ಇಲ್ಲ. ತಂತಿ ಜೀವಂತವಾಗಿಯೇ ಬಿದ್ದಿರುತ್ತದೆ. ಬಿದ್ದ ಜಾಗದ ಸುತ್ತ ನೆಲದಲ್ಲೂ ವೋಲ್ಟೇಜ್ ಹರಡಿರುತ್ತದೆ, ಹತ್ತಿರ ಹೆಚ್ಚು, ದೂರ ಹೋದಂತೆ ಕಡಿಮೆ. ಉದ್ದ ಹೆಜ್ಜೆ ಹಾಕಿದರೆ ಒಂದು ಕಾಲಿಗೂ ಇನ್ನೊಂದಕ್ಕೂ ನಡುವೆಯೇ ವ್ಯತ್ಯಾಸ ಬೀಳುತ್ತದೆ. ಅದಕ್ಕೇ ಪಾದ ಎತ್ತದೆ, ಎರಡನ್ನೂ ಜೋಡಿಸಿಕೊಂಡು ಎಳೆಯುತ್ತಾ ಆಚೆ ಬರಬೇಕು. ನಾಲ್ಕು ಕಾಲಿನ ದನ ಮೊದಲು ಸಾಯುವುದು ಇದರಿಂದಲೇ, ಅದರ ಮುಂಗಾಲಿಗೂ ಹಿಂಗಾಲಿಗೂ ಇರುವ ದೂರ ಜಾಸ್ತಿ.

ನಮ್ಮ ಮಲೆನಾಡಿನಲ್ಲಿ ತಂತಿ ಕೆಳಗೆ ಬರುವುದಕ್ಕಿಂತ ಮನುಷ್ಯ ತಂತಿಯ ಹತ್ತಿರ ಹೋಗುವುದೇ ಹೆಚ್ಚು. ಬಯಲಲ್ಲಿ 11 ಕೆವಿ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ರಸ್ತೆ ದಾಟುವ ಕಡೆ 6.1 ಮೀಟರ್ ಎತ್ತರದಲ್ಲಿರಬೇಕು ಎಂದು ನಿಯಮ. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು ಕೊಯ್ಯಲು ಒಯ್ಯುವ ಅಲ್ಯೂಮಿನಿಯಂ ಏಣಿ ಅದಕ್ಕಿಂತ ಉದ್ದ. ಬಿದಿರಿನ ಏಣಿ ಭಾರ ಎಂದು ಬಿಟ್ಟೆವು. ಹಗುರಾದ ಈ ಏಣಿಯನ್ನು ನೆಟ್ಟಗೆ ಎತ್ತಿಕೊಂಡೇ ಮರದಿಂದ ಮರಕ್ಕೆ ಹೋಗುತ್ತಾರೆ, ಅಪಾಯ ಇರುವುದು ಅಲ್ಲೇ. ಮರಗಸಿ (ತೋಟದ ನೆರಳಿನ ಮರದ ಕೊಂಬೆ ಕಡಿಯುವ) ಸಮಯದಲ್ಲೂ ಕೊಂಬೆ ಯಾವ ಕಡೆ ಬೀಳುತ್ತದೆ ಎಂದು ನೋಡುವವರು ಕಡಿಮೆ.

ನ್ಯೂಟ್ರಲ್ ಕಟ್ಟಾದರೆ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂರೂ ಫೇಸಿನ ಲೋಡ್ ಸಮ ಇದ್ದರೆ ನ್ಯೂಟ್ರಲ್ಲಿನಲ್ಲಿ ಹರಿಯುವುದು ಹೆಚ್ಚುಕಡಿಮೆ ಸೊನ್ನೆ. ಊರಿನಲ್ಲಿ ಸಮ ಇರುವುದು ಯಾವಾಗ? ಒಂದು ಫೇಸಿನ ಮನೆಯಲ್ಲಿ 100 ವ್ಯಾಟ್ ಬಲ್ಬ್, ಇನ್ನೊಂದು ಫೇಸಿನ ಮನೆಯಲ್ಲಿ 1000 ವ್ಯಾಟ್ ನೀರು ಕಾಯಿಸುವ ಕಾಯಿಲ್ ಎಂದುಕೊಳ್ಳಿ. ನ್ಯೂಟ್ರಲ್ ತುಂಡಾದ ತಕ್ಷಣ ಇವೆರಡೂ ಎರಡು ಫೇಸಿನ ನಡುವಿನ 400 ವೋಲ್ಟಿಗೆ ಸರಣಿಯಲ್ಲಿ ಕೂರುತ್ತವೆ. ಬಲ್ಬಿನ ರೆಸಿಸ್ಟೆನ್ಸ್ 529 ಓಮ್, ಕಾಯಿಲಿನದು 53. ಪಾಲು ಹಾಕಿದರೆ ಬಲ್ಬಿಗೆ ಸುಮಾರು 364 ವೋಲ್ಟ್, ಕಾಯಿಲಿಗೆ 36. ಒಂದು ಮನೆಯವರು ‘ಬಲ್ಬ್ ಟಪ್ ಅಂತ ಹೋಯ್ತು’ ಎನ್ನುತ್ತಾರೆ, ಪಕ್ಕದವರು ‘ನೀರೇ ಕಾಯ್ತಿಲ್ಲ’ ಎನ್ನುತ್ತಾರೆ. ಈ ಎರಡು ದೂರು ಒಟ್ಟಿಗೆ ಬಂದರೆ ಮೊದಲು ಕಂಬದ ನ್ಯೂಟ್ರಲ್ ನೋಡಿ.

ಟಿಸಿಗೆ ಹಿಂದು ಮುಂದು ಇಲ್ಲ

63 ಕೆವಿಎ ಟಿಸಿಯ ಪೂರ್ಣ ಲೋಡಿನಲ್ಲಿ 433 ವೋಲ್ಟ್ ಕಡೆ 84 ಆಂಪ್ ಹರಿದರೆ 11 ಕೆವಿ ಕಡೆ ಬರೇ 3.3 ಆಂಪ್. (63000ವನ್ನು 1.732 × ವೋಲ್ಟೇಜಿನಿಂದ ಭಾಗಿಸಿ.) ತಂತಿಯಲ್ಲಿ ಪೋಲಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆದ್ದರಿಂದ ದೂರಕ್ಕೆ ಕಳಿಸುವಾಗ ವೋಲ್ಟೇಜ್ ಏರಿಸಿ ಕರೆಂಟ್ ಇಳಿಸುತ್ತಾರೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹೋಗಿದ್ದು ಈ ಉಪಾಯದಿಂದ.

ಪರೀಕ್ಷೆಗೆ ಇಷ್ಟು ಸಾಕು. ಕಂಬ ಹತ್ತುವವನಿಗೆ ಇನ್ನೊಂದು ಮಾತು ಬೇಕು: ಟಿಸಿ ಇಳಿಸುವ ಯಂತ್ರ ಮಾತ್ರವಲ್ಲ, ಎಲ್‌ಟಿ ಕಡೆಯಿಂದ ಕರೆಂಟ್ ಕೊಟ್ಟರೆ ಅದೇ ಟಿಸಿ ಏರಿಸುತ್ತದೆ. ಟಿಸಿಯ ಲೆಕ್ಕದಲ್ಲಿ ಫೇಸಿಗೂ ನ್ಯೂಟ್ರಲ್ಲಿಗೂ 250 ವೋಲ್ಟ್ (433 ÷ 1.732), ಆ ಕಡೆ 11000, ಅಂದರೆ 44 ಪಟ್ಟು. ಜುಲೈ ಮಳೆಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ. ಎಸ್ಟೇಟಿನವರು ಚೇಂಜ್‌ಓವರ್ ಸ್ವಿಚ್ (ಲೈನ್ ಅಥವಾ ಜನರೇಟರ್, ಒಂದನ್ನು ಮಾತ್ರ ಬೋರ್ಡಿಗೆ ಸೇರಿಸುವ ಸ್ವಿಚ್) ಇಲ್ಲದೆ ಜನರೇಟರನ್ನು ನೇರ ಬೋರ್ಡಿಗೆ ಕೊಟ್ಟಿದ್ದಾರೆ. 230 × 44: ‘ಆಫ್’ ಆಗಿರುವ ಲೈನಿನಲ್ಲಿ ಹತ್ತು ಸಾವಿರ ವೋಲ್ಟ್. ಊರಿನ ಟಿಸಿಯಾದರೆ ಎಲ್ಲ ಮನೆಯ ಲೋಡೂ ಮೈಮೇಲೆ ಬಿದ್ದು ಜನರೇಟರ್ ಅಲ್ಲೇ ಕುಸಿಯಬಹುದು. ಎಸ್ಟೇಟಿನ ಸ್ವಂತ ಟಿಸಿಯಾಗಿದ್ದು, ಆಚೆ ಲೈನೂ ಕಡಿದಿದ್ದರೆ ಅದಕ್ಕೆ ಯಾವ ಭಾರವೂ ಇಲ್ಲ, ಆರಾಮಾಗಿ ಓಡುತ್ತಿರುತ್ತದೆ.

ಚಿಕ್ಕಪ್ಪನ ಜೊತೆ ಹೋದ ಒಂದು ದಿನ ನೋಡಿದ್ದು ಹೇಳುತ್ತೇನೆ. ಸಬ್‌ಸ್ಟೇಷನ್ನಿನಿಂದ ಎಲ್‌ಸಿ (ಲೈನ್ ಆಫ್ ಮಾಡಿದ್ದೇವೆ, ಕೆಲಸ ಮಾಡಬಹುದು ಎಂಬ ಅನುಮತಿ) ಸಿಕ್ಕಿತ್ತು. ಅವರು ಜಿಓಎಸ್ (ಮೂರೂ ತಂತಿಯನ್ನು ಒಟ್ಟಿಗೆ ಬಿಡಿಸುವ, ಕಂಬದ ಮೇಲಿನ ಸ್ವಿಚ್) ಹ್ಯಾಂಡಲ್ ಕೆಳಗೆ ಎಳೆದರು, ಖಡಕ್ ಎಂದು ಶಬ್ದ ಬಂತು. ನಾನು ಬೆಲ್ಟ್ ಹಗ್ಗ ಹೊರಲು ಬಗ್ಗಿದೆ.

‘ಎಲ್ಲೋಯ್ತಿದ್ದೀಯ? ಮೇಲೆ ನೋಡ್ಲಾ ಮಗಾ.’

ನೋಡಿದೆ. ಮೂರು ಬ್ಲೇಡಿನಲ್ಲಿ ಎರಡು ಬಾಯಿ ಬಿಟ್ಟಿದ್ದವು. ಮೂರನೆಯದು ತುಕ್ಕು ಹಿಡಿದು ಅರ್ಧದಲ್ಲೇ ನಿಂತಿತ್ತು, ತುದಿ ಇನ್ನೂ ಕಾಂಟ್ಯಾಕ್ಟಿಗೆ ತಾಗಿಕೊಂಡೇ ಇತ್ತು. ಮಳೆ ನೀರು ಅದರ ಮೇಲಿಂದ ತೊಟ್ಟಿಕ್ಕುತ್ತಿತ್ತು. ಹ್ಯಾಂಡಲ್ಲನ್ನು ಇನ್ನೆರಡು ಸಲ ಮೇಲೆ ಕೆಳಗೆ ಆಡಿಸಿದ ಮೇಲೆ ಅದು ಬಿಟ್ಟಿತು. ಆಮೇಲೆ ಹ್ಯಾಂಡಲ್ಲಿಗೆ ಬೀಗ ಹಾಕಿ ಕೀ ಜೇಬಿಗೆ ಇಳಿಸಿಕೊಂಡರು.

‘ಎಲ್‌ಸಿ ಸಿಕ್ಕಿತ್ತಲ್ಲ ಚಿಕ್ಕಪ್ಪ, ಹೆಂಗೂ ಲೈನ್ ಆಫೇ ಇತ್ತಲ್ಲ?’

‘ಆಫ್ ಮಾಡೀವ್ನಿ ಅಂದೋನು ಅಲ್ಲವ್ನೆ. ಇಲ್ಲಿರೋನು ನಾನು.’

ಬೀಗ ಹಾಕಿದರೂ ಕೆಲಸ ಶುರುವಾಗಲಿಲ್ಲ. ಲೈನಿನ ಆ ತುಂಡಿನಲ್ಲಿದ್ದ ಎಸ್ಟೇಟ್ ಟಿಸಿಯ ಎಚ್‌ಜಿ ಫ್ಯೂಸ್ (11 ಕೆವಿ ಕಡೆಯ ಫ್ಯೂಸ್) ತೆಗೆಸಿದರು, ಜನರೇಟರಿನ ದಾರಿ ಅಲ್ಲಿಗೆ ಮುಚ್ಚಿತು. ಎಚ್‌ಟಿ ಡಿಟೆಕ್ಟರಿನಿಂದ ಮೂರೂ ತಂತಿ ನೋಡಿದರು. ನೋಡುವ ಮೊದಲು ಒಮ್ಮೆ, ನೋಡಿದ ಮೇಲೆ ಒಮ್ಮೆ ಡಿಟೆಕ್ಟರಿನ ಟೆಸ್ಟ್ ಬಟನ್ ಒತ್ತಿದರು. ಕೆಟ್ಟ ಡಿಟೆಕ್ಟರ್ ಎಲ್ಲ ಲೈನನ್ನೂ ಸತ್ತಿದೆ ಎಂದೇ ಹೇಳುತ್ತದೆ. ಕೊನೆಗೆ ಅರ್ಥ್ ರಾಡ್. ಕೆಲಸದ ಜಾಗದ ಎರಡೂ ಕಡೆ, ಮೂರೂ ಫೇಸಿಗೆ. ಒಂದೇ ಕಡೆ ಹಾಕಿದರೆ ಸಾಲದು, ಕರೆಂಟ್ ಯಾವ ಕಡೆಯಿಂದ ಬರುತ್ತದೋ ನಮಗೆ ಗೊತ್ತಿರುವುದಿಲ್ಲ. ಮೂರೂ ತಂತಿ ಒಂದಕ್ಕೊಂದು ಸೇರಿ ನೆಲಕ್ಕೂ ಸೇರಿದ್ದರೆ ಎಲ್ಲಿಂದ ವೋಲ್ಟೇಜ್ ಬಂದರೂ ಅದಕ್ಕೆ ನಮ್ಮ ಮೈಗಿಂತ ಸುಲಭದ ದಾರಿ ಇರುತ್ತದೆ.

ರಾಡ್ ಹಾಕುವ ಕ್ರಮ ತಪ್ಪಬಾರದು. ಮೊದಲು ನೆಲದ ತುದಿ, ಆಮೇಲೆ ತಂತಿಯ ತುದಿ. ತೆಗೆಯುವಾಗ ಮೊದಲು ತಂತಿ, ಕೊನೆಗೆ ನೆಲ. ಉಲ್ಟಾ ಮಾಡಿ ಲೈನಿನಲ್ಲಿ ಕರೆಂಟ್ ಉಳಿದಿದ್ದರೆ, ಕೈಯಲ್ಲಿ ಜೋತಾಡುವ ಅರ್ಥ್ ವೈರ್ ನಮ್ಮ ಮೂಲಕವೇ ನೆಲ ಹುಡುಕುತ್ತದೆ.

ಎಲ್‌ಸಿ ಪಡೆದವರೇ ವಾಪಸ್ ಕೊಡಬೇಕು. ‘ಐದು ಗಂಟೆಗೆ ಚಾರ್ಜ್ ಮಾಡಿಬಿಡಿ’ ಎಂದು ಮೊದಲೇ ಹೇಳಿಟ್ಟು ಕಂಬ ಹತ್ತುವುದು ಬೇಡವೇ ಬೇಡ, ನಟ್ಟು ಬಿಗಿಯುವುದು ಗಡಿಯಾರ ನೋಡಿಕೊಂಡು ಮುಗಿಯುವುದಿಲ್ಲ. ಅವತ್ತು ಕೆಲಸ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಚಿಕ್ಕಪ್ಪ ಫೋನ್ ತೆಗೆಯುವ ಮುಂಚೆ ಟಾರ್ಚ್ ಬಿಟ್ಟು ಜೀಪಿನ ಹಿಂದೆ ಹಾಕಿದ ರಾಡುಗಳನ್ನು ಎಣಿಸಿದರು: ಈ ಕಡೆಯದು ಮೂರು, ಆ ಕಡೆಯದು ಮೂರು. ಆಮೇಲೆ ಜನರ ತಲೆ ಎಣಿಸಿದರು, ನನ್ನನ್ನೂ ಸೇರಿಸಿ.