ಪದ ಪರಿಚಯ: ‘ಪೋರ್ಟ್’ ಎಂದರೇನು? ‘ಫೈನಲ್ ಫೈಟ್’ ಆಟದ ಉದಾಹರಣೆಯೊಂದಿಗೆ

ವಿಡಿಯೋ ಗೇಮ್‌ಗಳ ವಿಷಯದಲ್ಲಿ ‘ಪೋರ್ಟ್’ ಎಂದರೆ ಒಂದು ಯಂತ್ರಕ್ಕಾಗಿ ತಯಾರಾದ ಆಟವನ್ನು ಬೇರೊಂದು ಯಂತ್ರದಲ್ಲಿ ನಡೆಯುವಂತೆ ಮತ್ತೆ ಕಟ್ಟುವ ಕೆಲಸ; ಹಾಗೆ ಕಟ್ಟಿದ ಆವೃತ್ತಿಗೂ ಅದೇ ಹೆಸರು. ‘ಮತ್ತೆ ಕಟ್ಟುವ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. 1980 ಮತ್ತು 90ರ ದಶಕಗಳಲ್ಲಿ ಆರ್ಕೇಡ್ ಯಂತ್ರಕ್ಕೂ (ಆಟದ ಮಳಿಗೆಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರ) ಮನೆಯ ಕನ್ಸೋಲಿಗೂ (ಟಿವಿಗೆ ಜೋಡಿಸಿ ಆಡುವ ಯಂತ್ರ) ಪ್ರೊಸೆಸರ್, ಮೆಮೊರಿ, ಚಿತ್ರ ಮೂಡಿಸುವ ಚಿಪ್, ಧ್ವನಿ ಹೊರಡಿಸುವ ಚಿಪ್ ಸಾಮಾನ್ಯವಾಗಿ ಬೇರೆಬೇರೆಯಾಗಿದ್ದವು. ಹೀಗಾಗಿ ಪ್ರೋಗ್ರಾಮನ್ನು ಹೊಸದಾಗಿ ಬರೆದು, ಚಿತ್ರಗಳನ್ನು ಹೊಸ ಅಳತೆಗೆ ತಿದ್ದಿ, ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂದು ಹೆಜ್ಜೆಹೆಜ್ಜೆಗೂ ತೀರ್ಮಾನಿಸಬೇಕಾಗಿತ್ತು.

ಇದಕ್ಕೆ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1989ರಲ್ಲಿ ಆರ್ಕೇಡ್‌ಗಳಿಗೆ ತಂದ ‘ಫೈನಲ್ ಫೈಟ್’ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಮೆಟ್ರೋ ಸಿಟಿಯ ಮೇಯರ್ ಹ್ಯಾಗರ್‌ನ ಮಗಳನ್ನು ಮ್ಯಾಡ್ ಗಿಯರ್ ಎಂಬ ತಂಡ ಅಪಹರಿಸುತ್ತದೆ. ಹ್ಯಾಗರ್, ಕೋಡಿ, ಗೈ ಎಂಬ ಮೂವರಲ್ಲಿ ಒಬ್ಬರನ್ನು ಆರಿಸಿಕೊಂಡು, ಬೇಕಿದ್ದರೆ ಪಕ್ಕದಲ್ಲಿ ಇನ್ನೊಬ್ಬ ಆಟಗಾರನನ್ನೂ ಸೇರಿಸಿಕೊಂಡು, ಬೀದಿಬೀದಿಯಲ್ಲಿ ಹೊಡೆದಾಡುತ್ತ ಮುಂದೆ ಸಾಗಬೇಕು. ಕತೆ ಇಷ್ಟೇ. ಆಟದ ಸೊಗಸಿರುವುದು ಪರದೆಯ ಎತ್ತರದ ಅರ್ಧದವರೆಗೂ ಬರುವ ದೊಡ್ಡ ಪಾತ್ರಗಳಲ್ಲಿ ಮತ್ತು ಅವರನ್ನು ಸುತ್ತುವರಿಯುವ ಎದುರಾಳಿಗಳ ಗುಂಪಿನಲ್ಲಿ. ಸಿಪಿ ಸಿಸ್ಟಮ್ ಎಂಬ ಕ್ಯಾಪ್‌ಕಾಮ್‌ನ ಸ್ವಂತ ಆರ್ಕೇಡ್ ಬೋರ್ಡು ಇಂಥ ದೊಡ್ಡ ಚಿತ್ರಗಳನ್ನು ನಿರಾಯಾಸವಾಗಿ ನಿಭಾಯಿಸುತ್ತಿತ್ತು. ಪಿಕ್ಸೆಲ್, ಎಂದರೆ ಚಿತ್ರವನ್ನು ಕಟ್ಟುವ ಪುಟ್ಟ ಚುಕ್ಕಿಗಳ ಲೆಕ್ಕದಲ್ಲಿ ಅದರ ಪರದೆ 384 ಪಿಕ್ಸೆಲ್ ಅಗಲ, 224 ಪಿಕ್ಸೆಲ್ ಎತ್ತರ.

ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಎಂಬ ಮನೆಯ ಕನ್ಸೋಲ್ 1990ರ ನವೆಂಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದಿತು. ಮರುತಿಂಗಳೇ ಅದಕ್ಕೆ ‘ಫೈನಲ್ ಫೈಟ್’ ಪೋರ್ಟ್ ಬಂದಿತು. ನೋಡಲು ಮೂಲಕ್ಕೆ ಅಚ್ಚರಿಯಾಗುವಷ್ಟು ಹತ್ತಿರವಾಗಿದ್ದ ಈ ಆವೃತ್ತಿಯಲ್ಲಿ ಗೈ ಇರಲಿಲ್ಲ, ಕಾರ್ಖಾನೆ ಪ್ರದೇಶದ ಘಟ್ಟವಿರಲಿಲ್ಲ, ಇಬ್ಬರು ಕೂಡಿ ಆಡುವ ಅವಕಾಶವೂ ಇರಲಿಲ್ಲ. ಒಮ್ಮೆಗೆ ಎದುರಾಗುವ ವೈರಿಗಳ ಸಂಖ್ಯೆಯೂ ತಗ್ಗಿತ್ತು. ಇದಕ್ಕೆ ಕಾರಣ ತಯಾರಕರ ಉದಾಸೀನ ಎಂದು ಸುಲಭವಾಗಿ ಹೇಳಿಬಿಡಬಹುದು, ಆದರೆ ಅದು ನ್ಯಾಯವಲ್ಲ. ಚಲಿಸುವ ಪಾತ್ರಗಳ ಚಿತ್ರಗಳಿಗೆ ಸ್ಪ್ರೈಟ್ ಎನ್ನುತ್ತಾರೆ. ಈ ಕನ್ಸೋಲ್ ಪರದೆಯ ಒಂದು ಅಡ್ಡಗೆರೆಯಲ್ಲಿ 8 ಪಿಕ್ಸೆಲ್ ಅಗಲದ 34 ಸ್ಪ್ರೈಟ್ ತುಂಡುಗಳನ್ನು ಮಾತ್ರ ಮೂಡಿಸಬಲ್ಲದು, ಅಂದರೆ 272 ಪಿಕ್ಸೆಲ್. ಪಾತ್ರವೊಂದು 64 ಪಿಕ್ಸೆಲ್ ಅಗಲವಿದೆ ಎಂದಿಟ್ಟುಕೊಂಡರೆ ನಾಲ್ವರು ಒಂದೇ ಸಾಲಿನಲ್ಲಿ ನಿಂತಾಗಲೇ 32 ತುಂಡುಗಳು ಮುಗಿದುಹೋಗುತ್ತವೆ. ಐದನೆಯವನು ಬಂದರೆ ಯಾರದಾದರೂ ಮೈಯ ಭಾಗ ಪರದೆಯಿಂದ ಮಾಯವಾಗುತ್ತದೆ. ಎಲ್ಲರೂ ಒಂದೇ ನೆಲದ ಮೇಲೆ ಅಕ್ಕಪಕ್ಕದಲ್ಲಿ ನಿಂತು ಹೊಡೆದಾಡುವುದೇ ಈ ಆಟದ ಬಗೆಯಾದ್ದರಿಂದ, ಈ ಮಿತಿ ಬೇರೆ ಆಟಗಳಿಗಿಂತ ಇದಕ್ಕೆ ಹೆಚ್ಚು ತಟ್ಟುತ್ತಿತ್ತು.

ಇದರ ಜೊತೆಗೆ ಕಾರ್ಟ್ರಿಡ್ಜ್‌ನ, ಎಂದರೆ ಆಟವನ್ನು ತುಂಬಿ ಕನ್ಸೋಲಿಗೆ ಸಿಕ್ಕಿಸುವ ಡಬ್ಬಿಯ ಇಕ್ಕಟ್ಟು. ಇಡೀ ಆಟ 8 ಮೆಗಾಬಿಟ್, ಎಂದರೆ 1 ಮೆಗಾಬೈಟ್ ಜಾಗದಲ್ಲಿ ಹಿಡಿಯಬೇಕಿತ್ತು, ಮತ್ತು ಒಬ್ಬ ನಾಯಕನ ನಡಿಗೆ, ಹೊಡೆತ, ಜಿಗಿತ, ಬೀಳುವಿಕೆಗಳ ಚಿತ್ರಗಳೇ ಅದರಲ್ಲಿ ಸಾಕಷ್ಟು ಜಾಗ ಬೇಡುತ್ತಿದ್ದವು. 1992ರಲ್ಲಿ ಅದೇ ಕನ್ಸೋಲಿಗೆ ಬಂದ ‘ಫೈನಲ್ ಫೈಟ್ ಗೈ’ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ: ಗೈ ಒಳಗೆ ಬಂದ, ಕೋಡಿ ಹೊರಗೆ ಹೋದ. ಆದರೂ ಎಲ್ಲ ಹೊಣೆಯನ್ನೂ ಯಂತ್ರದ ಮೇಲೆ ಹೊರಿಸಲಾಗದು. ಅದೇ ಕನ್ಸೋಲಿಗೆಂದೇ ರೂಪಿಸಿ 1993ರಲ್ಲಿ ತಂದ ‘ಫೈನಲ್ ಫೈಟ್ 2’ರಲ್ಲಿ ಇಬ್ಬರು ಕೂಡಿ ಆಡಬಹುದಿತ್ತು. ಹೊಸ ಯಂತ್ರವನ್ನು ಅರಿಯಲು ಸಿಕ್ಕ ಸಮಯ ಎಷ್ಟು ಎಂಬುದೂ ಪೋರ್ಟ್‌ನ ಗುಣವನ್ನು ನಿರ್ಧರಿಸುತ್ತದೆ ಎಂದು ನಾನು ಭಾವಿಸುತ್ತೇನೆ.

ತಾಂತ್ರಿಕವಲ್ಲದ ಬದಲಾವಣೆಗಳೂ ಪೋರ್ಟ್‌ನಲ್ಲಿ ಸೇರಿಕೊಳ್ಳುತ್ತವೆ. ನಿಂಟೆಂಡೊ ಪೋರ್ಟ್‌ನ ಅಮೆರಿಕದ ಆವೃತ್ತಿಯಲ್ಲಿ ಪಾಯ್ಸನ್, ರಾಕ್ಸಿ ಎಂಬ ಎದುರಾಳಿಗಳ ಜಾಗಕ್ಕೆ ಬಿಲ್ಲಿ, ಸಿಡ್ ಎಂಬ ಗಂಡಸರು ಬಂದರು. ಸೋಡಮ್ ಎಂಬ ಖಳನಿಗೆ ಕಟಾನಾ ಎಂಬ ಹೆಸರು ಬಂದಿತು.

ಸೆಗಾ ಸಂಸ್ಥೆಯ ಕನ್ಸೋಲಿಗೆ ಜೋಡಿಸುವ ಸೆಗಾ ಸಿಡಿ ಎಂಬ ಯಂತ್ರಕ್ಕೆ 1993ರಲ್ಲಿ ಬಂದ ಪೋರ್ಟ್‌ನಲ್ಲಿ ಮೂವರು ನಾಯಕರೂ, ಬಿಟ್ಟುಹೋಗಿದ್ದ ಘಟ್ಟವೂ, ಇಬ್ಬರ ಆಟವೂ ಮರಳಿದವು. ಆರ್ಕೇಡ್ ಬೋರ್ಡಿನಲ್ಲಿದ್ದ ಮೊಟೊರೋಲಾ 68000 ಪ್ರೊಸೆಸರೇ ಈ ಯಂತ್ರದಲ್ಲಿಯೂ ಇತ್ತು, ಸಿಡಿಯಲ್ಲಿ ಜಾಗಕ್ಕೂ ಕೊರತೆಯಿರಲಿಲ್ಲ. ಆದರೆ ಪರದೆಯ ಮೇಲೆ ಒಮ್ಮೆಗೆ ಸಾಮಾನ್ಯವಾಗಿ 64 ಬಣ್ಣಗಳಷ್ಟೇ ಸಿಗುತ್ತಿದ್ದರಿಂದ ಚಿತ್ರಗಳು ಮಂಕಾದವು.

ಪೋರ್ಟ್ ಅನ್ನು ಎಮ್ಯುಲೇಶನ್‌ನಿಂದ ಬೇರ್ಪಡಿಸಿ ನೋಡಬೇಕು. ಎಮ್ಯುಲೇಶನ್‌ನಲ್ಲಿ ಹೊಸ ಯಂತ್ರವು ಹಳೆಯ ಯಂತ್ರದ ವರ್ತನೆಯನ್ನು ಸಾಫ್ಟ್‌ವೇರ್ ಮೂಲಕ ಅನುಕರಿಸಿ ಮೂಲ ಪ್ರೋಗ್ರಾಮನ್ನೇ ನಡೆಸುತ್ತದೆ. ಅಲ್ಲಿ ಯಾವ ಪಾತ್ರವನ್ನೂ ಕೈಬಿಡುವ ಪ್ರಮೇಯ ಬರುವುದಿಲ್ಲ. ಇನ್ನು, 1993ರಲ್ಲಿ ನಿಂಟೆಂಡೊದ 8-ಬಿಟ್ ಕನ್ಸೋಲಿಗೆ ಬಂದ ‘ಮೈಟಿ ಫೈನಲ್ ಫೈಟ್’ ಅನ್ನು ಪೋರ್ಟ್ ಎನ್ನುವುದು ಸರಿಯಲ್ಲ: ಅದೇ ಪಾತ್ರಗಳನ್ನು ಗಿಡ್ಡವಾಗಿ, ದೊಡ್ಡ ತಲೆಗಳೊಂದಿಗೆ ಬರೆದು, ಆಡುತ್ತ ಹೋದಂತೆ ನಾಯಕನ ಬಲ ಹೆಚ್ಚುವ ಏರ್ಪಾಟನ್ನೂ ಸೇರಿಸಿ ಕಟ್ಟಿದ ಬೇರೆಯೇ ಆಟ ಅದು.