ಗೆರೆ ತಾಳೆ ನೋಡುವಾಗ ಏನನ್ನು ಲೆಕ್ಕಕ್ಕೆ ಹಿಡಿಯಬಾರದು?

ಡಾಲ್ಫಿನ್‌ಗಳನ್ನು ಒಂದೊಂದಾಗಿ ಗುರುತು ಹಿಡಿಯಲು ಸಂಶೋಧಕರು ನೋಡುವುದು ಬೆನ್ನಿನ ಮೇಲಿನ ಈಜುರೆಕ್ಕೆಯ ಅಂಚನ್ನು. ಕಚ್ಚಿಸಿಕೊಂಡ ಗಾಯ, ಹರಿದ ಜಾಗ ಎಲ್ಲವೂ ಅಲ್ಲಿ ಉಳಿದುಬಿಡುತ್ತವೆ. ಫೋಟೊದಿಂದ ಆ ಅಂಚಿನ ಗೆರೆಯನ್ನು ಬಿಡಿಸಿಕೊಂಡು ಹಳೆಯ ಗೆರೆಗಳ ಜೊತೆ ತಾಳೆ ನೋಡುವ ಸಾಫ್ಟ್‌ವೇರ್‌ಗಳಿವೆ. 'ಡಾರ್ವಿನ್' ಅಂಥದ್ದೊಂದು.

ಕೇಳಲು ಸುಲಭ, ಅಲ್ವಾ? ಆದರೆ ಕಂಪ್ಯೂಟರಿನ ಮಟ್ಟಿಗೆ ಗೆರೆ ಎಂದರೆ ಸಾಲಾಗಿ ಬರೆದಿಟ್ಟ ಬಿಂದುಗಳು ಅಷ್ಟೇ. ಅದೇ ರೆಕ್ಕೆಯನ್ನು ಸ್ವಲ್ಪ ದೂರದಿಂದ, ಸ್ವಲ್ಪ ವಾಲಿಸಿ ತೆಗೆದರೆ ಎಲ್ಲ ಅಂಕಿಗಳೂ ಬದಲಾಗುತ್ತವೆ. ಹಾಗಾಗಿ ಯಾವ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಮೊದಲೇ ತೀರ್ಮಾನಿಸಬೇಕು. ನನ್ನ ಪ್ರಕಾರ ಈ ವಿಷಯದ ಜೀವಾಳವೇ ಇದು. ಜಾಗ ಮತ್ತು ಗಾತ್ರವನ್ನು ತೆಗೆದುಹಾಕುವುದು ಸುಲಭ. ತಿರುವಿನ, ಅಂದರೆ ಆಕಾರ ಎಷ್ಟು ತಿರುಗಿ ನಿಂತಿದೆ ಎಂಬುದರ ವಿಷಯದಲ್ಲಿ ಹುಷಾರಾಗಿರಬೇಕು: ಅದನ್ನು ಪೂರ್ತಿ ಬಿಟ್ಟರೆ 6 ಮತ್ತು 9 ಒಂದೇ ಆಗಿಬಿಡುತ್ತವೆ.

ತಾಳೆ ನೋಡುವ ವಿಧಾನಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು, ಆಕಾರವನ್ನು ವಿವರಿಸಲು 1962ರಲ್ಲಿ ಹು ಎಂಬ ಸಂಶೋಧಕ ಕೊಟ್ಟ ಏಳು ಅಂಕಿಗಳು. ಆಕಾರವನ್ನು ಸರಿಸಿದರೂ, ತಿರುಗಿಸಿದರೂ, ಹಿಗ್ಗಿಸಿದರೂ ಇವು ಬದಲಾಗುವುದಿಲ್ಲ. ಚಿತ್ರಗಳನ್ನು ವಿಶ್ಲೇಷಿಸಲು ಬಳಸುವ ಓಪನ್‌ಸಿವಿ ಎಂಬ ಸಾಫ್ಟ್‌ವೇರ್ ಸಂಗ್ರಹದಲ್ಲಿ ಎರಡು ಆಕಾರಗಳನ್ನು ಹೋಲಿಸುವ ಸಿದ್ಧ ಫಂಕ್ಷನ್ ಇವನ್ನೇ ಬಳಸುತ್ತದೆ. ಮೊದಲ ಸುತ್ತಿನ ಜರಡಿಗೆ ಇದು ಸಾಕು. ರೆಕ್ಕೆಯ ಒಂದು ಸಣ್ಣ ಕಚ್ಚು ಮಾತ್ರ ಏಳು ಅಂಕಿಗಳಲ್ಲಿ ಕರಗಿಹೋಗುತ್ತದೆ.

ಸಣ್ಣ ವಿವರ ಬೇಕಾದರೆ ಗೆರೆ ಎಲ್ಲಿ ಜಾಸ್ತಿ ಬಾಗುತ್ತದೆ ಎಂದು ನೋಡಬೇಕು. 1954ರಲ್ಲಿ ಮನಶ್ಶಾಸ್ತ್ರಜ್ಞ ಫ್ರೆಡ್ ಅಟ್ನೀವ್ ಮಲಗಿದ ಬೆಕ್ಕಿನ ಚಿತ್ರದಲ್ಲಿ ಹೆಚ್ಚು ಬಾಗಿದ 38 ಬಿಂದುಗಳನ್ನು ಆರಿಸಿ, ಅವನ್ನು ನೇರ ಗೆರೆಗಳಿಂದ ಜೋಡಿಸಿದರು. ನೋಡಿದವರಿಗೆ ಅದು ಬೆಕ್ಕೆಂದು ತಕ್ಷಣ ತಿಳಿಯುತ್ತದೆ.

ನನಗೆ ತುಂಬಾ ಇಷ್ಟವಾದ ಉಪಾಯ ಬೆಲೊಂಗಿ, ಮಲಿಕ್ ಮತ್ತು ಪುಜಿಚಾ 2002ರಲ್ಲಿ ವಿವರಿಸಿದ 'ಶೇಪ್ ಕಾಂಟೆಕ್ಸ್ಟ್'. ಗೆರೆಯ ಮೇಲಿನ ಒಂದು ಬಿಂದುವಿನಲ್ಲಿ ನಿಂತು ಉಳಿದ ಬಿಂದುಗಳೆಲ್ಲ ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿವೆ ಎಂದು ಎಣಿಸುವುದು. 12 ದಿಕ್ಕು, 5 ದೂರ, ಒಟ್ಟು 60 ಮನೆಗಳು. ಹತ್ತಿರದ ಮನೆಗಳು ಚಿಕ್ಕವು, ದೂರದವು ದೊಡ್ಡವು. ಹಾಗಾಗಿ ಪಕ್ಕದಲ್ಲಿ ಏನಿದೆ ಎಂಬುದು ಸೂಕ್ಷ್ಮವಾಗಿ ದಾಖಲಾಗುತ್ತದೆ, ದೂರದ್ದು ಅಂದಾಜಿಗೆ ಸಿಗುತ್ತದೆ. ರೆಕ್ಕೆಯ ತುದಿಗೆ ಉಳಿದವೆಲ್ಲ ಕೆಳಗೇ ಕಾಣುತ್ತವೆ, ಬುಡಕ್ಕೆ ಮೇಲೆ ಕಾಣುತ್ತವೆ. ಆಮೇಲೆ ಒಟ್ಟು ವ್ಯತ್ಯಾಸ ಆದಷ್ಟು ಕಡಿಮೆಯಾಗುವ ಹಾಗೆ ಈ ಗೆರೆಯ ಬಿಂದುಗಳನ್ನು ಆ ಗೆರೆಯ ಬಿಂದುಗಳಿಗೆ ಜೋಡಿ ಮಾಡುತ್ತಾರೆ. ಇಲ್ಲೂ ಅದೇ ತೀರ್ಮಾನ ಎದುರಾಗುತ್ತದೆ. ದಿಕ್ಕನ್ನು ಚಿತ್ರದ ಚೌಕಟ್ಟಿನಿಂದ ಅಳೆದರೆ ತಿರುವು ಲೆಕ್ಕಕ್ಕೆ ಬರುತ್ತದೆ. ಗೆರೆ ಆ ಜಾಗದಲ್ಲಿ ಸಾಗುವ ದಿಕ್ಕನ್ನೇ ಆಧಾರವಾಗಿಟ್ಟುಕೊಂಡರೆ ಬರುವುದಿಲ್ಲ.

ಒಂದು ಕೊರತೆ ಇದೆ. ಹೀಗೆ ಜೋಡಿ ಮಾಡುವಾಗ ಬಿಂದುಗಳ ಅನುಕ್ರಮ ಉಳಿಯಲೇಬೇಕೆಂದಿಲ್ಲ. ಅಕ್ಕಪಕ್ಕದ ಬಿಂದುಗಳಿಗೆ ಎಲ್ಲೆಲ್ಲೋ ಜೋಡಿ ಸಿಗಬಹುದು. ಶ್ರೀವಾಸ್ತವ ಮತ್ತು ಸಂಗಡಿಗರು 2011ರಲ್ಲಿ ಮಂಡಿಸಿದ ವಿಧಾನ ಗೆರೆಯನ್ನು ಗೆರೆಯಾಗಿಯೇ ಉಳಿಸಿಕೊಳ್ಳುತ್ತದೆ. ಒಂದನ್ನು ಇನ್ನೊಂದರ ಆಕಾರಕ್ಕೆ ತರಲು ಎಷ್ಟು ಬಗ್ಗಿಸಬೇಕು, ಎಷ್ಟು ಎಳೆಯಬೇಕು ಎಂದು ಅಳೆಯುತ್ತದೆ. ಇದರಿಂದ ಆಕಾರಗಳ ಸರಾಸರಿಯನ್ನೂ ತೆಗೆಯಬಹುದು. ಬೇರೆ ಬೇರೆ ಭಂಗಿಯ ಕೈಗಳ ಗೆರೆಗಳನ್ನು ಸುಮ್ನೆ ಬಿಂದುವಿಗೆ ಬಿಂದು ಕೂಡಿ ಭಾಗಿಸಿದರೆ ಬೆರಳುಗಳು ಮೊಂಡಾಗುತ್ತವೆ. ಮೊದಲು ಬೆರಳಿಗೆ ಬೆರಳು ಹೊಂದಿಸಿಕೊಂಡರೆ ಸರಾಸರಿಯಲ್ಲೂ ಕೈ ಕೈಯಾಗಿಯೇ ಇರುತ್ತದೆ.